ಟ್ಯಾಂಕಿನ ಹಿಂದಿನ ಬಳ್ಳಿ

ನನ್ನ ವಾರಗಿತ್ತಿ ಚೈತ್ರಳ ಬಾಯಿಂದ ಪ್ರೋಟೀನ್ ಎಂಬ ಮಾತು ಬಿದ್ದರೆ ಸಾಕು, ಮನೆಯವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಅವಳ ಮುಖ ನೋಡುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಇದೇ ಮನೆಯಲ್ಲಿ ಅವರೆ, ಅಲಸಂದೆ, ಹುರುಳಿ, ತೊಗರಿ ಬೇಯಿಸಿ ಹಾಕಿದ್ದೇನೆ. ಆಗೆಲ್ಲ ಅದಕ್ಕೆ ಬರೀ ಸಾರು ಎಂದು ಹೆಸರು. ಇವಳು ಬಂದು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟ ಮೇಲೆ ಅದು ಔಷಧಿಯಾಯಿತು. ಹೊಟ್ಟೆ ಉರಿಯದೆ ಇನ್ನೇನಾಗಬೇಕು ನನಗೆ?

ನಮ್ಮೂರು ಚಿಕ್ಕಜಾಲ. ಮೊದಲು ಏರ್‌ಪೋರ್ಟ್ ರಸ್ತೆಗೆ ಅಂಟಿಕೊಂಡಂತೆ ನಮ್ಮ ಹೊಲವಿತ್ತು, ಈಗ ಅಲ್ಲಿ ಯಾರದೋ ಹೋಟೆಲಿದೆ. ಹೊಲ ಹೋದ ಮೇಲೆ ಊರೊಳಗೆ ಮೂರು ಅಂತಸ್ತಿನ ಮನೆ ಎದ್ದಿತು. ನೆಲಮಹಡಿಯಲ್ಲಿ ಅತ್ತೆ ಸೊಣ್ಣಮ್ಮ. ಅದರ ಮೇಲೆ ನಾನು, ನನ್ನ ಯಜಮಾನರು ಶಿವರಾಮ್. ಅವರದು ಮದುವೆ ಮಂಟಪಗಳಿಗೆ ಲೈಟಿಂಗ್ಸ್ ಹಾಕಿಸುವ ಕೆಲಸ. ಎಲ್ಲಕ್ಕಿಂತ ಮೇಲೆ ಮೈದುನ ಉಮೇಶ ಮತ್ತು ಅವನ ಹೆಂಡತಿ ಚೈತ್ರ. ಅವಳು ಆರ್.ಟಿ. ನಗರದ ಹುಡುಗಿ, ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ಡಯಟೀಶಿಯನ್. ಮದುವೆಯಾಗಿ ಬಂದು ಇನ್ನೂ ಮೂರು ಸಂಕ್ರಾಂತಿ ಕಂಡಿರಲಿಲ್ಲ, ಅಷ್ಟರಲ್ಲೇ ಮನೆಯವರಿಗೆಲ್ಲ ಏನು ತಿನ್ನಬೇಕು ಎಂದು ಹೇಳಿಕೊಡಲು ನಿಂತಿದ್ದಳು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಹಾಸಿಗೆಯಲ್ಲಿ ಮಲಗಿದವರ ಮೈ ಒರೆಸಿದವಳು ನಾನು, ತಲೆ ಬಾಚಿದವಳು ನಾನು, ಕಕ್ಕಸ್ಸು ಬಳಿದವಳು ನಾನು. ಚೈತ್ರ ಸಂಜೆ ಡ್ಯೂಟಿ ಮುಗಿಸಿ ಬಂದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಅತ್ತೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು.

“ಅತ್ತೆ, ನಿಮ್ಗೆ ಮಸಲ್ ಎಲ್ಲಾ ಲಾಸ್ ಆಗ್ತಿದೆ. ಹಿಂಗಾದ್ರೆ ನಡೆಯೋದ್ ಹೇಗೆ? ಪ್ರೋಟೀನ್ ಬೇಕು. ಮೊಟ್ಟೆ ತಿಂತೀರಾ?”

ಮಾವ ಶ್ರೀರಾಮಪ್ಪನವರು ತೀರಿಕೊಂಡ ದಿನದಿಂದ ಅತ್ತೆ ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟಿದ್ದಾರೆ. ಇದು ಬೀದಿಯ ಕೊನೆಯ ಮನೆಯವರಿಗೂ ಗೊತ್ತು.

“ಅದ್ನೆಲ್ಲ ಬಿಟ್ಟು ಬೋ ದಿನ ಆಯ್ತು ಕಣಮ್ಮ. ನಂಗೆ ಅವರೇಕಾಳೊಂದಿದ್ರೆ ಸಾಕು,” ಎಂದರು ಅತ್ತೆ.

“ಹಂಗಾದ್ರೆ ನಾವೇ ಬೆಳ್ಯೋಣ! ಟೆರೇಸ್ ಅಷ್ಟು ದೊಡ್ಡದು ಖಾಲಿ ಬಿದ್ದಿದೆ. ಮನೇಲೇ ಬೆಳೆದಿರೋ ಪ್ರೋಟೀನ್, ಒಂದು ಕೆಮಿಕಲ್ ಇಲ್ಲ.”

ಅವರೆ ಬೆಳೆಯುವುದನ್ನು ನಮಗೆ ಆರ್.ಟಿ. ನಗರದವಳು ಹೇಳಿಕೊಟ್ಟಳು. ಅತ್ತೆಯೋ, ಹಾಸಿಗೆ ಹಿಡಿದ ಮೇಲೆ ಮೊದಲ ಸಲ ಹಲ್ಲು ಬಿಟ್ಟು ನಕ್ಕರು. ನಾನು ಅಷ್ಟು ದಿನ ಸೇವೆ ಮಾಡಿದರೂ ಆ ನಗು ಬಂದಿರಲಿಲ್ಲ.

ಮುಂದಿನ ಭಾನುವಾರವೇ ಟೆರೇಸಿಗೆ ಮಣ್ಣು, ಗೊಬ್ಬರ, ಹಸಿರು ಬಣ್ಣದ ಚೀಲಗಳು ಬಂದವು. ನೀರಿನ ಟ್ಯಾಂಕಿನ ಆಚೆ ಬದಿಗೆ ಅವಳದು, ಈಚೆ ಬದಿಗೆ ನನ್ನದು. ಯಾರೂ ಹಂಚಿ ಕೊಡಲಿಲ್ಲ, ತಾನಾಗಿಯೇ ಹಾಗಾಯಿತು. ಅವಳು ಚೀಲಗಳಲ್ಲಿ ಅಲಸಂದೆ ಹಾಕಿದಳು, ಸೋಯಾ ಹಾಕಿದಳು, ತೊಗರಿ ಹಾಕಿದಳು, ನಾಲ್ಕು ರೆಕ್ಕೆ ಇರುವ ಅದೇನೋ ಅವರೆಯಂತೆ, ಅದನ್ನೂ ಹಾಕಿದಳು. ದಿನಾ ಬೆಳಿಗ್ಗೆ ಫೋನ್ ಹಿಡಿದು, ಎಲೆಗಳ ಮಧ್ಯೆ ಮುಖ ತೂರಿಸಿ ವಿಡಿಯೋ ಮಾಡಿದಳು. ‘ನಮ್ಮತ್ತೆಗಾಗಿ’ ಎಂದು ಅದಕ್ಕೆ ಹೆಸರು ಬೇರೆ. ಬಾಗಲೂರಿನ ನನ್ನ ತಂಗಿ ಅದನ್ನು ನೋಡಿ ನನಗೇ ಫೋನ್ ಮಾಡಿ, “ನಿನ್ ವಾರಗಿತ್ತಿ ಅತ್ತೇನ ಎಷ್ಟ್ ಚೆನ್ನಾಗ್ ನೋಡ್ಕೊಂತಾಳಲ್ಲೇ” ಎಂದಳು. ನಾನು ಫೋನ್ ಇಟ್ಟುಬಿಟ್ಟೆ.

ನನಗೆ ಸೋಯಾ ಬೇಕಿರಲಿಲ್ಲ, ರೆಕ್ಕೆ ಅವರೆ ಬೇಕಿರಲಿಲ್ಲ. ನನಗೆ ಬೇಕಾದದ್ದು ಒಂದೇ ಒಂದು. ಅದು ಅತ್ತೆಯ ಅಟ್ಟದ ಮೇಲಿತ್ತು.

ನಮ್ಮ ಮನೆಯಲ್ಲಿ ಬಿತ್ತನೆ ಅವರೆಗೆಂದೇ ಒಂದು ಮಣ್ಣಿನ ಕುಡಿಕೆ ಇದೆ. ಬಳ್ಳಿಯಲ್ಲೇ ಒಣಗಿದ ಕಾಯಿ ಬಿಡಿಸಿ, ಬೀಜವನ್ನು ಬಿಸಿಲಿಗೆ ಹಾಕಿ, ಸೌದೆ ಬೂದಿ ಬೆರೆಸಿ ಕುಡಿಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೇರಿಸುತ್ತಾರೆ. ಅಪ್ಪಟ ಸೊಗಡವರೆ. ಹೊಲ ಹೋದ ಮೇಲೂ ಅತ್ತೆ ವರ್ಷವರ್ಷ ಹಿತ್ತಲಲ್ಲಿ ನಾಲ್ಕು ಬಳ್ಳಿ ಹಬ್ಬಿಸಿ ಬೀಜ ಉಳಿಸಿಕೊಂಡು ಬಂದಿದ್ದರು. ಈಗ ಅಂಗಡಿಯಲ್ಲಿ ವರ್ಷವೆಲ್ಲ ಸಿಗುತ್ತದಲ್ಲ, ಮೂಗಿಗೆ ಹಿಡಿದರೂ ಏನೂ ಗೊತ್ತಾಗದ ಕಾಯಿ, ಅಂಥದ್ದಲ್ಲ. ನಮ್ಮದನ್ನು ಮುಟ್ಟಿದರೆ ಕೈಗೆ ಜಿಡ್ಡು ಹತ್ತುತ್ತದೆ, ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ವಾಸನೆ ಬಿಡುವುದಿಲ್ಲ. ಆ ಕುಡಿಕೆಯನ್ನು ಭಾಗ ಮಾಡುವಂತಿಲ್ಲ. ಈ ಮನೆಯ ಅಣ್ಣತಮ್ಮಂದಿರು ತಲೆಮಾರಿನಿಂದ ಹೊಲ ಹಂಚಿಕೊಂಡಿದ್ದಾರೆ, ದನ ಹಂಚಿಕೊಂಡಿದ್ದಾರೆ, ಹಂಡೆ ಕೊಳಗ ಹಂಚಿಕೊಂಡಿದ್ದಾರೆ. ಕುಡಿಕೆ ಮಾತ್ರ ಇಡಿಯಾಗಿ ಹಿರಿಸೊಸೆಗೆ. ಅತ್ತೆ ತಮ್ಮ ಅತ್ತೆಯಿಂದ ಬೀಜವನ್ನು ಮಡಿಲಿಗೆ ಹಾಕಿಸಿಕೊಂಡವರು. ತನ್ನ ಮಡಿಲಿಗೆ ಬೀಳುವವರೆಗೆ ಸೊಸೆಯಾದವಳು ಕುಡಿಕೆ ಮುಟ್ಟುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಆ ದಿನಕ್ಕೇ ಕಾಯುತ್ತಿದ್ದೆ. ಅತ್ತೆಯ ಕಾಸಿನಸರ ಬೇಕಾದರೆ ಚೈತ್ರಳೇ ಹಾಕಿಕೊಳ್ಳಲಿ, ಕುಡಿಕೆ ನನ್ನದು ಎಂದುಕೊಂಡಿದ್ದೆ.

ಆಷಾಢದಲ್ಲಿ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಒಬ್ಬಳನ್ನೇ ಕರೆದರು. ಆಗ ವಾಕರ್ ಹಿಡಿದು ರೂಮಿನಲ್ಲಿ ನಾಲ್ಕು ಹೆಜ್ಜೆ ಇಡುತ್ತಿದ್ದರು, ಮೆಟ್ಟಿಲು ಹತ್ತುವಂತಿರಲಿಲ್ಲ. “ಸೆರಗು ಇಡಿ ಮಗಾ” ಎಂದರು. ನಾನು ಕೈಕಾಲು ತೊಳೆದು ಬಂದು, ಕುಂಕುಮ ಇಟ್ಟುಕೊಂಡು ಸೆರಗು ಒಡ್ಡಿದೆ. ಅದಕ್ಕೆ ಬಿದ್ದದ್ದು ಒಂದು ಹಿಡಿ ಬೀಜ.

“ಇಷ್ಟೇನಾ ಅತ್ತೆ?”

“ಇಷ್ಟೇ ಕಣೆ. ಉಸಾರಾಗಿ ಆಕು. ಈ ಸಂಕ್ರಾಂತಿಗೆ ನಮ್ಮನೆ ಕಾಯಿ ಬೇಯಿಸ್ಬೇಕು. ಅದು ಬೆಂದ್ರೆ ನಂಗೆ ಮುದ್ದೆ ಇಳೀತದೆ, ಇಲ್ದಿದ್ರೆ ಇಳ್ಯಾಕಿಲ್ಲ.”

ಅಷ್ಟು ಹೇಳಿ ಅವರು ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಅಂದು ಸಂಜೆ ಚೈತ್ರ ಅತ್ತೆಯ ರೂಮಿನಿಂದ ತಲೆ ತಗ್ಗಿಸಿಕೊಂಡು ಬಂದವಳು, ನಾನು ಮೆಟ್ಟಿಲಲ್ಲಿ ಎದುರಾದರೂ ಮಾತಾಡದೆ ಸರಸರ ಮೇಲೆ ಹೋದಳು. ಮರುದಿನ ನೋಡಿದರೆ ಹಿತ್ತಲ ನಲ್ಲಿಯ ಹತ್ತಿರ ಕುಡಿಕೆ ತೊಳೆದು ಬೋರಲು ಹಾಕಿದೆ. ಖಾಲಿ. ವಾರ ಕಳೆಯುವುದರೊಳಗೆ ಚೈತ್ರಳ ಚೀಲಗಳಲ್ಲಿ ಅವರೆ ಮೊಳಕೆ. ಇನ್ನು ಲೆಕ್ಕ ಹಾಕಲು ನನಗೇನು ಪಂಚಾಂಗ ಬೇಕೆ? ಹೆಸರಿಗೆ ಒಂದು ಹಿಡಿ ಹಿರಿಸೊಸೆಗೆ, ಕುಡಿಕೆಗಟ್ಟಲೆ ಕಿರಿಸೊಸೆಗೆ. ಅಂದು ನಾನು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಅತ್ತೆಗೆ ಕಾಫಿ ಕೊಟ್ಟು ಬಂದೆ.

ಆದರೂ ಬೀಜ ಹಾಕಿದೆ. ಹಳೆಯ ನೀಲಿ ಡ್ರಮ್ಮುಗಳಿಗೆ ಮಣ್ಣು ತುಂಬಿ, ಮೇಲೆ ತಂತಿ ಎಳೆದು ಚಪ್ಪರ ಮಾಡಿದೆ. ಹಾಕಿದ ಬೀಜ ಒಂದೂ ಹುಸಿಹೋಗಲಿಲ್ಲ, ಎಲ್ಲವೂ ಮೊಳೆತವು. ಶ್ರಾವಣದ ಹೊತ್ತಿಗೆ ನನ್ನ ಬಳ್ಳಿಗಳು ಚಪ್ಪರ ಮುಚ್ಚಿದವು. ಅವಳ ಗಿಡಗಳು ಮೊಣಕಾಲೆತ್ತರ ಬೆಳೆದು ಕುಳ್ಳಗೆ ನಿಂತಿದ್ದವು. ನಾನು ಒಳಗೊಳಗೇ ಹಿಗ್ಗಿದೆ.

ಗಣೇಶನ ಹಬ್ಬಕ್ಕೆ ಚೈತ್ರ ತನ್ನ ಚೀಲಗಳ ಸುತ್ತ ಹಳದಿ ಬಣ್ಣದ ಸಣ್ಣ ಸಣ್ಣ ಬಲ್ಬಿನ ಸರ ಕಟ್ಟಿದಳು. ಹಬ್ಬಕ್ಕೆ ಬಂದವರೆಲ್ಲ ಮೇಲೆ ಹೋಗಿ ಅವಳ ಕಡೆಯೇ ನಿಂತು ಫೋಟೋ ತೆಗೆದುಕೊಂಡರು. ನನ್ನ ಚಪ್ಪರ ಕತ್ತಲಲ್ಲಿತ್ತು. ಒಬ್ಬಾಕೆ ಅದಕ್ಕೆ ಬೆನ್ನು ಮಾಡಿಯೇ ನಿಂತಳು. ಲೈಟಿಂಗ್ಸ್ ಮಾಡುವವನ ಹೆಂಡತಿ ನಾನು, ನನ್ನ ಕಡೆ ಕತ್ತಲೆ! ಅವತ್ತೇ ಯಜಮಾನರ ಕಿವಿ ಕಚ್ಚಿದೆ. ಮಂಟಪದ ಮುಂದೆ ಹಾಕುವಂಥ ಫೋಕಸ್ ಲೈಟು ಬಂತು. ಕತ್ತಲಾದರೆ ತಾನೇ ಹತ್ತಿಕೊಂಡು, ಬೆಳಗಾದರೆ ತಾನೇ ಆರುವಂಥದ್ದು. ಅದು ಹತ್ತಿದಾಗ ಟ್ಯಾಂಕಿನ ಹಿಂದಿನ ಒಂದು ಮೂಲೆ ಬಿಟ್ಟು ಇಡೀ ಟೆರೇಸು ಹಗಲಾಯಿತು. ಚೈತ್ರಳ ಬಲ್ಬುಗಳು ಹತ್ತಿವೆಯೋ ಇಲ್ಲವೋ ಎಂದು ಹುಡುಕಬೇಕಾಯಿತು.

“ಅಕ್ಕಾ, ಸ್ವಲ್ಪ ಜಾಸ್ತಿ ಬ್ರೈಟ್ ಆಗ್ಲಿಲ್ವಾ?” ಎಂದಳು ಅವಳು.

“ಇಲಿ ಕಾಟ ಕಣಮ್ಮ. ಬೆಳಕಿದ್ರೆ ಬರಲ್ಲ,” ಎಂದೆ. ಅಂದು ಬಹಳ ಒಳ್ಳೆಯ ನಿದ್ದೆ ಬಂತು. ಹಬ್ಬ ಮುಗಿಯಿತು, ಅವಳು ಬಲ್ಬಿನ ಸರ ಬಿಚ್ಚಿಟ್ಟಳು. ನಾನು ನನ್ನ ದೀಪ ತೆಗೆಸಲಿಲ್ಲ.

ದಸರೆಯ ಹೊತ್ತಿಗೆ ಚೈತ್ರಳ ಕುಳ್ಳ ಗಿಡಗಳು ಹೂ ಬಿಟ್ಟವು. ದೀಪಾವಳಿಗೆ ಕಾಯಿ. ನನ್ನ ಬಳ್ಳಿಯಲ್ಲಿ ಎಲೆ, ಎಲೆಯ ಮೇಲೆ ಎಲೆ. ಅಂಗೈಯಗಲದ, ಕಪ್ಪುಹಸಿರಿನ ಎಲೆ. ಹುಡುಕಿದರೂ ಒಂದು ಮೊಗ್ಗಿಲ್ಲ. ಕೆಳಗೆ ಹೋದರೆ ಅತ್ತೆಯದು ದಿನಾ ಒಂದೇ ಪ್ರಶ್ನೆ.

“ಊವು ಕಚ್ತಾ ಶಶಿ?”

“ಬರ್ತಾ ಐತೆ ಅತ್ತೆ.”

ನನ್ನ ಹೆಸರು ಶಶಿರೇಖಾ. ಶಶಿ ಎನ್ನುವುದು ಅತ್ತೆಗೆ ನನ್ನ ಮೇಲೆ ಪ್ರೀತಿ ಉಕ್ಕಿದಾಗ ಮಾತ್ರ. ಅವರು ಹಾಗೆ ಕರೆದಷ್ಟೂ ನನಗೆ ಕೋಪ ಹೆಚ್ಚುತ್ತಿತ್ತು. ಕೆಟ್ಟ ಬೀಜ ಕೊಟ್ಟು ಮೇಲೆ ಶಶಿ ಬೇರೆ ಎಂದು ಹಲ್ಲು ಕಡಿಯುತ್ತಿದ್ದೆ. ಚೈತ್ರ ಏನಾದರೂ ಮಾಡಿರಬಹುದೇ ಎಂದು ಡ್ರಮ್ಮಿನ ಮಣ್ಣು ಕೆದಕಿ ನೋಡಿದೆ. ಬಳ್ಳಿಗಳಿಗೆ ದೃಷ್ಟಿ ತೆಗೆದೆ. ಒಣಮೆಣಸಿನಕಾಯಿ ಘಾಟಿಗೆ ನನಗೇ ಕೆಮ್ಮು ಬಂತು, ಬಳ್ಳಿಗೆ ಹೂ ಬರಲಿಲ್ಲ.

ಕಾರ್ತಿಕದಲ್ಲಿ ತವರಿಗೆ ಹೋದೆ. ಬಾಗಲೂರಿನಲ್ಲಿ ನಮ್ಮಣ್ಣನ ಹೊಲದಲ್ಲಿ ಇನ್ನೂ ರಾಗಿ ಸಾಲಿನ ನಡುವೆ ಅವರೆ ಹಾಕುತ್ತಾರೆ. ಬೆಳಿಗ್ಗೆ ಇಬ್ಬನಿಯಲ್ಲಿ ನಿಂತು ನೋಡಿದೆ. ಇಡೀ ಸಾಲು ಹೂವೋ ಹೂವು. ಆಗ ನನಗೆ ಅನುಮಾನವೇ ಉಳಿಯಲಿಲ್ಲ. ಊರಿಗೆಲ್ಲ ಹೂ ಬಂದಿದೆ, ನನಗೊಬ್ಬಳಿಗೇ ಇಲ್ಲ ಎಂದರೆ ಬೀಜದಲ್ಲೇ ಮೋಸ.

ತವರಿನಿಂದ ಬಂದ ಮರುದಿನ ಭಾನುವಾರ. ಮಧ್ಯಾಹ್ನ ಅತ್ತೆಗೆ ಊಟ ಕೊಡಲು ಹೋದರೆ ಚೈತ್ರ ನನಗಿಂತ ಮೊದಲೇ ಅಲ್ಲಿದ್ದಾಳೆ. ತನ್ನ ಗಿಡದ ಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದೇ ಹಿತಕಿ ಸಿಪ್ಪೆ ತೆಗೆದು ಸಾರು ಮಾಡಿದ್ದಾಳೆ. ಉಗುರು ಬಣ್ಣದ ಬೆರಳಲ್ಲಿ ಹಿತಕಿದ ಬೇಳೆ ಸಾರು! ಅತ್ತೆ ಮುದ್ದೆ ಮುರಿದು ಮುರಿದು ಅದ್ದಿ ನುಂಗುತ್ತಿದ್ದಾರೆ. ನಾನು ಬಡಿಸಿದ್ದರಲ್ಲಿ ದಿನಾ ಅರ್ಧ ಬಿಡುವ ಅತ್ತೆ, ತಟ್ಟೆಯನ್ನು ಬೆರಳಲ್ಲಿ ಬಳಿದು ನೆಕ್ಕಿದರು.

“ಚೆಂದಾಗೈತೆ ಕಣಮ್ಮ ಚೈತ್ರ.”

ನಾನು ತಂದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ವಾಪಸು ಬಂದೆ. ಅಡಿಗೆ ಮನೆಯಲ್ಲಿ ಅದನ್ನು ಕುಕ್ಕಿ ಟೆರೇಸಿಗೆ ಹತ್ತಿದೆ. ಚಪ್ಪರದ ತಂತಿ ಹರಿದು, ಬುಡಕ್ಕೆ ಕೈ ಹಾಕಿ, ಒಂದೊಂದೇ ಬಳ್ಳಿಯನ್ನು ಬೇರು ಸಮೇತ ಕಿತ್ತೆ. ಕಿತ್ತದ್ದನ್ನೆಲ್ಲ ಗೋಡೆಯಾಚೆ ಎಸೆದೆ. ನಮ್ಮ ಹಿಂದಿನ ಮನೆಯ ಮುನಿರಾಮಯ್ಯ ಎರಡು ಹಸು ಕಟ್ಟಿದ್ದಾನೆ. ಅವನು ತಲೆಯೆತ್ತಿ ನೋಡಿ ಗಾಬರಿಯಾದ.

“ಯಾಕಮ್ಮಾ, ಇಂಗೆ ಹಸಿ ಬಳ್ಳೀನೇ ಕಿತ್ತಾಕ್ತಿದ್ದೀಯ?”

“ತಿನ್ಲಿ ಬಿಡಣ್ಣ. ಹಸುಗಾದ್ರೂ ಪ್ರೋಟೀನ್ ಆಗ್ಲಿ!”

ಕೊನೆಯ ಡ್ರಮ್ಮಿನ ಒಂದು ಬಳ್ಳಿ ಮಾತ್ರ ಬರಲಿಲ್ಲ. ಅದು ಯಾವಾಗಲೋ ಪೈಪು ಹಿಡಿದು ಟ್ಯಾಂಕಿನ ಹಿಂದಕ್ಕೆ ಹೋಗಿ ಸುತ್ತಿಕೊಂಡಿತ್ತು. ಎರಡು ಸಲ ಜಗ್ಗಿದೆ. ಕೈ ತರಚಿ ರಕ್ತ ಬಂತು. ಹಾಳಾಗಿ ಹೋಗಲಿ ಎಂದು ಬಿಟ್ಟು ಕೆಳಗಿಳಿದೆ.

ಚೈತ್ರ ಅಷ್ಟರಲ್ಲಿ ಮೇಲೆ ಹೋಗಿದ್ದಳು. ಅತ್ತೆ ಒಬ್ಬರೇ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಮಣ್ಣಿನ ಕೈಯಲ್ಲೇ ಅವರ ಮುಂದೆ ನಿಂತೆ.

“ಒಳ್ಳೆ ಬೀಜ ಎಲ್ಲಾ ಅವಳಿಗ್ ಕೊಟ್ಟು ನಂಗೆ ಗೊಡ್ಡು ಬೀಜ ಕೊಟ್ರಲ್ಲ ಅತ್ತೆ, ನಾನೇನ್ ಅನ್ಯಾಯ ಮಾಡಿದ್ದೆ ನಿಮ್ಗೆ? ನಿಮ್ ಕಕ್ಕಸ್ಸು ಬಳಿದಿದ್ದೇ ತಪ್ಪಾಯ್ತಾ? ಹೂವಿಲ್ಲ ಮಣ್ಣಿಲ್ಲ. ಎಲ್ಲಾ ಕಿತ್ತು ಮುನಿರಾಮಣ್ಣನ ಹಸುಗಾಕಿದ್ದೀನಿ, ಹೋಗಿ!”

ಅತ್ತೆಯ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

“ಎಲ್ಲಾನೂವಾ?”

“ಎಲ್ಲಾನೂ.”

ಅವರು ಎಲೆಯನ್ನು ತಟ್ಟೆಗೆ ಹಾಕಿ, ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಮಾತಾಡಿದಾಗ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಬೀಜಕ್ಕೆ ಉಳ ಬಿದ್ದಿತ್ತು ಕಣೆ. ಕಾಯಿ ಬಿಡ್ಸಿ ಕುಡಿಕೇಗ್ ಆಕಿದ್ದೆ, ಬಿಸ್ಲಿಗಾಕಿ ಬೂದಿ ಬೆರ್ಸಾಕ್ ಮುಂಚೆ ಬಚ್ಚಲಾಗ್ ಬಿದ್ದೆ. ನೀನು ನನ್ನ ಬಾಚಿ ಬಳ್ಯಾದ್ರಾಗೇ ಸೋತೋಗಿದ್ದೆ, ನಿಂಗೇನಂತ ಏಳ್ಲಿ? ಆಸಾಡ್ದಾಗೆ ತೆಗುಸ್ ನೋಡುದ್ರೆ ಬರೀ ಪುಡಿ. ಮೊರದಾಗಾಕ್ಕಂಡು ಒಂದೊಂದೇ ಆರಿಸ್ದೆ. ಗಟ್ಟಿ ಇದ್ದಿದ್ದು ಒಂದಿಡಿ. ಅಷ್ಟ್ನೂ ನಿನ್ನ ಮಡ್ಲಿಗೇ ಆಕ್ದೆ.”

“ಮತ್ತೆ ಚೈತ್ರಂಗೆ?”

“ಅವ್ಳೂ ಬಂದ್ ಕೇಳಿದ್ಲು. ಅದು ಇರೀ ಸೊಸೇದು, ಕೊಡಾಂಗಿಲ್ಲ ಅಂದೆ. ಕಣ್ಣಾಗೆ ನೀರ್ ಆಕ್ಕಂಡ್ ಓದ್ಲು. ಅವ್ಳ್ ಆಕಿರಾದು ಅಂಗಡಿ ಬೀಜ, ಯಾವ್ ಕಾಲ್ದಾಗಾದ್ರೂ ಬಿಡ್ತದೆ. ದಸರೇಗೆಲ್ಲಾನ ಸೊಗಡವರೆ ಬಿಡ್ತದಾ? ಬಾಗ್ಲೂರೋಳು ನೀನು, ನಿಂಗ್ ಗೊತ್ತಾಗಾಕಿಲ್ವಾ?”

“ಚೆಂದಾಗೈತೆ ಅಂತ ನೆಕ್ಕೊಂಡ್ ತಿಂದ್ರಲ್ಲ?”

“ಇನ್ನೇನನ್ಲಿ? ಆ ಎಣ್ಣು ಕೂತು ಅಷ್ಟ್ ಕಾಳು ಇತಕಿ ಮಾಡ್ಕಂಡ್ ಬಂದವ್ಳೆ. ಅದ್ರಾಗ್ ಸೊಗಡಿಲ್ಲ ಏನಿಲ್ಲ. ನಿನ್ ಬಳ್ಳೀದ್ ಬರ್ಲಿ ಅಂತ ನಾನು ಕಾಯ್ಕಂಡ್ ಕೂತಿದ್ದೆ.”

ಮೊದಲು ನನಗಾದದ್ದು ಖುಷಿ. ಅತ್ತೆ ಅವಳಿಗೆ ಇಲ್ಲ ಎಂದಿದ್ದಾರೆ, ಇದ್ದುದೆಲ್ಲ ನನಗೇ ಕೊಟ್ಟಿದ್ದಾರೆ! ಆಮೇಲೆ ಹಿತ್ತಲಲ್ಲಿ ಮುನಿರಾಮಯ್ಯನ ಹಸುಗಳು ಕಚಕಚ ಅಗಿಯುವ ಸದ್ದು ಕಿಟಕಿಯಿಂದ ಕೇಳಿಸಿತು. ತಲೆಮಾರಿನಿಂದ ಬಂದ ಬೀಜ, ಊರಿನಲ್ಲಿ ಬೇರೆಲ್ಲೂ ಉಳಿಯದ ಬೀಜ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

“ನಾನೇ ನೋಡ್ ಆರಿಸಿದ್ದು,” ಎಂದರು ಅತ್ತೆ, ತಮ್ಮಷ್ಟಕ್ಕೆ ತಾವೇ ಎಂಬಂತೆ. “ಗೊಡ್ಡಾಗಾಕಿಲ್ಲ ಅದು. ಯಾಕ್ ಊವು ಕಚ್ಚಲಿಲ್ಲ?”

ಸಂಜೆ ಮತ್ತೆ ಟೆರೇಸಿಗೆ ಹೋದೆ. ಏನಕ್ಕೆ ಹೋದೆನೋ, ಒಂದು ಎಲೆಯಾದರೂ ಉಳಿದಿದ್ದರೆ ನೋಡೋಣ ಎಂದಿರಬೇಕು. ಚೈತ್ರ ನನ್ನ ಕೊನೆಯ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಡಕ್ಕೆ ಮಣ್ಣು ಒತ್ತುತ್ತಿದ್ದಳು.

“ಅಕ್ಕಾ, ಇದೊಂದು ಉಳ್ದಿದೆ. ಬೇರು ಅಲ್ಲಾಡಿತ್ತು, ಮಣ್ಣು ಹಾಕಿ ನೀರು ಕೊಟ್ಟಿದೀನಿ. ಯಾಕಕ್ಕಾ ಕಿತ್ತಿದ್ದು? ಈ ಕಡೆ ಎಷ್ಟೊಂದು ಹೂ ಬಂದಿದೆ!”

“ಯಾವ್ ಕಡೆ?”

“ಟ್ಯಾಂಕ್ ಹಿಂದೆ. ನಮ್ ಕಡೆಯಿಂದ ಕಾಣ್ಸುತ್ತೆ. ನಾನ್ ದಿನಾ ನೋಡ್ತಿದ್ದೆ, ನಿಮ್ಗೆ ಗೊತ್ತಿದೆ ಅಂದ್ಕೊಂಡೆ.”

ಅವಳ ಕಡೆಗೆ ಹೋಗಿ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದೆ. ಗೊಂಚಲು ಗೊಂಚಲು ಬಿಳಿ ಹೂ, ಒಂದೆರಡು ಕಡೆ ಉಗುರಿನಷ್ಟು ಕಾಯಿ. ಅದೇ ಹೊತ್ತಿಗೆ ಕತ್ತಲಾಗಿ ನನ್ನ ಫೋಕಸ್ ಲೈಟು ತಾನೇ ಹತ್ತಿಕೊಂಡಿತು. ಟ್ಯಾಂಕಿನ ನೆರಳು ಕತ್ತರಿಸಿದ ಹಾಗೆ ನೆಲದ ಮೇಲೆ ಬಿತ್ತು. ನೆರಳಲ್ಲಿದ್ದ ಬಳ್ಳಿಯಲ್ಲಿ ಹೂವಿತ್ತು. ನೆರಳು ಮುಗಿದು ಬೆಳಕು ಶುರುವಾಗುವಲ್ಲಿಂದ ಅದೇ ಬಳ್ಳಿಯಲ್ಲಿ ಬರೀ ಎಲೆ.

ಆಗ ನೆನಪಾಯಿತು. ನಾನು ಮದುವೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಏರ್‌ಪೋರ್ಟ್ ಬಂತೆಂದು ರಸ್ತೆಗೆ ಸಾಲುಸಾಲು ದೀಪದ ಕಂಬ ನೆಟ್ಟರು. ಆ ವರ್ಷ ನಮ್ಮ ಹೊಲದಲ್ಲಿ ರಸ್ತೆ ಪಕ್ಕದ ಅವರೆ ಸಾಲು ಎಲೆ ತುಂಬಿ ನಿಂತಿತ್ತೇ ಹೊರತು ಹೂ ಕಚ್ಚಲಿಲ್ಲ. ಮಾವ ಕಂಬದ ಕೆಳಗೆ ನಿಂತು, ರಾತ್ರಿ ಅನ್ನೋದೇ ಆಗದಿದ್ದರೆ ಅವರೆ ಯಾವಾಗ ಹೂ ಬಿಡಬೇಕು ಎಂದು ಬೈದಿದ್ದರು. ಆ ಸಾಲನ್ನು ಕುಯ್ದು ದನಕ್ಕೆ ಹೊತ್ತು ತಂದವಳು ನಾನೇ.

ನಾನು ಸೀದಾ ಹೋಗಿ ಲೈಟಿನ ವೈರು ಕಿತ್ತೆ. ಟೆರೇಸು ಕತ್ತಲಾಯಿತು. ಚೈತ್ರಳಿಗೆ ಒಂದು ಮಾತು ಹೇಳಬೇಕಿತ್ತು. ಕಿತ್ತ ವೈರನ್ನು ಸುರುಳಿ ಸುತ್ತುತ್ತ ನಿಂತೆ. ಅವಳಲ್ಲದೆ ಬೇರೆ ಯಾರಾದರೂ ಆ ಬುಡಕ್ಕೆ ಮಣ್ಣು ಹಾಕಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ಅವಳು ಹಾಕಿದ್ದಕ್ಕೆ ನನಗೆ ಮತ್ತಷ್ಟು ಉರಿಯಿತು, ಸುಳ್ಳೇಕೆ ಹೇಳಲಿ?

ಅಲ್ಲಿಂದ ಆ ಒಂದು ಬಳ್ಳಿಗೆ ಇಬ್ಬರು ಅಮ್ಮಂದಿರಾದರು. ಅವಳು ನೋಡಿಕೊಳ್ಳುತ್ತಾಳೆಂದು ಬಿಟ್ಟರೆ ಅದು ಅವಳದಾಗುತ್ತದೆಂದು ನಾನು ನಸುಕಿಗೇ ಎದ್ದು ನೀರು ಹಾಕುತ್ತಿದ್ದೆ. ನಾನು ಹಾಕಿದ್ದು ಗೊತ್ತಿಲ್ಲದೆ ಅವಳು ಡ್ಯೂಟಿಗೆ ಹೋಗುವ ಮುಂಚೆ ಇನ್ನೊಂದು ಚೊಂಬು ಹಾಕುತ್ತಿದ್ದಳು. ಬುಡದ ಎಲೆ ಹಳದಿಯಾದಾಗ ಇಬ್ಬರಿಗೂ ಗೊತ್ತಾಯಿತು. “ಅಕ್ಕಾ, ನೀವೇ ಹಾಕಿ, ನಾನು ಹಾಕಲ್ಲ,” ಎಂದು ಅವಳೇ ಹಿಂದೆ ಸರಿದಳು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಸಂಕ್ರಾಂತಿ ದಿನ ಅತ್ತೆ ಹಟ ಹಿಡಿದರು, ಉಳಿದ ಆ ಒಂದು ಬಳ್ಳಿ ನೋಡಬೇಕೆಂದು. ಶಿವರಾಮ್ ಮತ್ತು ಉಮೇಶ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲುಮೆಟ್ಟಿಲಿಗೂ ಉಸಿರು ಬಿಡುತ್ತ ಟೆರೇಸಿಗೆ ಹೊತ್ತು ತಂದರು. ಕುರ್ಚಿ ಇಟ್ಟದ್ದು ಟ್ಯಾಂಕಿನ ಹಿಂದೆ, ಚೈತ್ರಳ ಕಡೆ. ಕಾಯಿ ತೂಗುತ್ತಿದ್ದದ್ದು ಅಲ್ಲೇ. ಅತ್ತೆ ಒಂದು ಕಾಯಿ ಕಿತ್ತು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು.

“ನಮ್ಮನೇದೇ,” ಎಂದರು. ಆಮೇಲೆ ಕಣ್ಣು ಬಿಟ್ಟು, “ಇದ್ನ ಉಳಿಸ್ದೋರ್ ಯಾರು?” ಎಂದು ಕೇಳಿದರು.

ಚೈತ್ರ ‘ನಾನು’ ಎಂದರೆ ಮುಗಿಯಿತು. ಅದು ನಿಜವೂ ಹೌದು. ಅತ್ತೆ ಆ ಕ್ಷಣದಲ್ಲಿ ಕುಡಿಕೆಯನ್ನು ಅವಳ ಕೈಗಿಟ್ಟರೂ ನಾನು ಬಾಯಿ ತೆರೆಯುವಂತಿರಲಿಲ್ಲ.

“ಅಕ್ಕ,” ಎಂದಳು ಚೈತ್ರ. “ದಿನಾ ಬೆಳಿಗ್ಗೆ ಎದ್ದು ನೀರು ಹಾಕಿದ್ದು ಅಕ್ಕಾನೇ ಅತ್ತೆ.”

ಅತ್ತೆ ನನ್ನ ಮುಖ ನೋಡಿದರು. ನಾನು ಟ್ಯಾಂಕಿನ ಕಡೆ ನೋಡಿದೆ. ಬೀಜಕ್ಕೆ ಬೇಕೆಂದು ಕಾಯಿಗಳನ್ನೆಲ್ಲ ಬಳ್ಳಿಯಲ್ಲೇ ಬಿಡಲು ಹೇಳಿದರು. ಕೈಯಲ್ಲಿದ್ದ ಒಂದನ್ನು ಮಾತ್ರ ಚೈತ್ರಳ ಗಿಡದ ಕಾಯಿ ಬೇಯುತ್ತಿದ್ದ ಪಾತ್ರೆಗೆ ಹಾಕಿಸಿದರು. ಒಂದು ಕಾಯಿಯಿಂದ ಇಡೀ ಪಾತ್ರೆಗೆ ಎಷ್ಟು ಸೊಗಡು ಬಂದೀತು? ಅತ್ತೆ ಅಂದು ಅರ್ಧ ತಿಂದು ಅರ್ಧ ಬಿಟ್ಟರು. ವರ್ಷವೆಲ್ಲ ಕಾದ ಕಾಯಿಯನ್ನು ಅವರಿಗೆ ಇಲ್ಲದಂತೆ ಮಾಡಿದವಳು ನಾನು. ಬಿಟ್ಟ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಡಿಗೆ ಮನೆಯಲ್ಲಿ ನಾನೇ ತಿಂದೆ.

ಕಾಯಿ ಒಣಗಿದ ಮೇಲೆ ಬೀಜ ಬಿಡಿಸಿದ್ದು, ಬಿಸಿಲಿಗೆ ಹಾಕಿದ್ದು, ಮುನಿರಾಮಯ್ಯನ ಮನೆಯ ಒಲೆಯಿಂದ ಬೂದಿ ತಂದು ಬೆರೆಸಿದ್ದು ಎಲ್ಲ ನಾನೇ. ಹೋದ ಸಲದ ಹಿಡಿಗಿಂತ ಈ ಸಲದ್ದು ಕಡಿಮೆ. ಈ ವರ್ಷದ ಆಷಾಢ ಬಂತು. ಅತ್ತೆ ಕರೆದು ಸೆರಗು ಹಿಡಿ ಎಂದರು. ಬೀಜ ಮಡಿಲಿಗೆ ಬಿತ್ತು. ನಾನು ಅಲ್ಲೇ ಕೂತು ಅದನ್ನು ಎರಡು ಪಾಲು ಮಾಡಿ, ಮೇಲಿನ ಮಹಡಿಗೆ ಕೇಳುವಂತೆ ಚೈತ್ರಳನ್ನು ಕೂಗಿದೆ.

“ಭಾಗ ಮಾಡಾಂಗಿಲ್ಲ ಅಂತ ಗೊತ್ತಿಲ್ವೇನೆ?” ಎಂದರು ಅತ್ತೆ.

“ಗೊತ್ತು ಅತ್ತೆ. ಎಲ್ಲಾ ನನ್ನೊಬ್ಬಳ ಕೈಲಿದ್ರೆ ಏನಾಗುತ್ತೆ ಅಂತಾನೂ ಗೊತ್ತಾಯ್ತಲ್ಲ. ನಂಗೆ ಮತ್ತೆ ಯಾವತ್ತಾದ್ರೂ ಹಂಗೇ ತಲೆ ಕೆಟ್ರೆ ಮನೇಲಿ ಇನ್ನೊಂದ್ ಕಡೆ ಇರ್ಲಿ.”

ಚೈತ್ರಳಿಗೆ ಸೆರಗಿರಲಿಲ್ಲ, ಚೂಡಿದಾರದ ವೇಲು ಒಡ್ಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಲಾರದೆ, “ಬಿಸ್ಲು ಚೆನ್ನಾಗ್ ಬೀಳೋ ಕಡೆ ಹಾಕು, ರಾತ್ರಿ ಲೈಟ್ ಗೀಟ್ ಹಾಕ್ಬೇಡ,” ಎಂದು ಗದರಿ ಎದ್ದು ಬಂದೆ.

ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಅವಳ ಚೀಲದಲ್ಲಿ ಮಣ್ಣು ಬಿರಿದು ಮೊಳಕೆ ಎದ್ದಿದೆ. ನನ್ನ ಡ್ರಮ್ಮಿನಲ್ಲಿ ಇನ್ನೂ ಏನಿಲ್ಲ. ಒಂದೇ ಬೀಜ, ಒಂದೇ ದಿನ ಹಾಕಿದ್ದು. ತಿಂಡಿ ಮಾಡಿಟ್ಟು ಮತ್ತೊಮ್ಮೆ ಹೋಗಿ ನೋಡಿದೆ, ಇಲ್ಲ. ಬೆರಳಿಂದ ಮಣ್ಣು ಕೆದಕಬೇಕೆನಿಸಿತು, ಕೈ ಕಟ್ಟಿಕೊಂಡು ನಿಂತೆ. ಕೆಳಗೆ ಬರುವಾಗ ಅತ್ತೆ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಮೊಳ್ಕೆ ಬಂತಾ ಶಶಿ? ಯಾರ್ದು ಬಂತು?”

ಹೊಟ್ಟೆ ಉರಿಯುತ್ತಲೇ ಇತ್ತು.

“ನಮ್ದು ಬಂತು ಅತ್ತೆ,” ಎಂದೆ.